ಮನೆಯಲ್ಲಿಲ್ಲದ ಬೆಕ್ಕು

ಆ ಮನೆಯ ಬಾಗಿಲು ತಟ್ಟಿದರೆ ಮೊದಲು ಎದ್ದು ಬರುತ್ತಿದ್ದುದು ಗುಮಾಸ್ತ. ಬಂದವರ ಕಾಲು ಮೂಸಿ, ಕೈಯಲ್ಲಿದ್ದ ಬಟ್ಟೆಯ ಗಂಟು ಮೂಸಿ, ಎಲ್ಲ ಸರಿಯಾಗಿದೆ ಎನ್ನಿಸಿದ ಮೇಲೆ ಪಕ್ಕಕ್ಕೆ ಸರಿದು ಮತ್ತೆ ಹೊಸಿಲ ಬಳಿ ಬಿದ್ದುಕೊಳ್ಳುತ್ತಿತ್ತು. ಕಾಗದಪತ್ರ ತಿರುವಿ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ಬಿಡುವವರ ಗತ್ತು ಅದಕ್ಕೆ ಹುಟ್ಟಿನಿಂದಲೇ ಬಂದಿತ್ತು. ತಾತ ಆ ಹೆಸರಿಟ್ಟದ್ದು ಅದಕ್ಕೇ. ಮಣ್ಣಿನ ಬಣ್ಣದ ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಸೊಸೆಗೆ ಅದನ್ನು ಕಂಡರೆ ದ್ವೇಷವೇನೂ ಇರಲಿಲ್ಲ, ಆದರೆ ಒಂದು ದಿನವೂ ಮುಟ್ಟಿದವಳಲ್ಲ. ಊರವರ ಬಟ್ಟೆಗೆ ಇಸ್ತ್ರಿ ಹಾಕುವ ಕೈಗೆ ನಾಯಿಯ ಕೂದಲು ಅಂಟಬಾರದು ಎನ್ನುತ್ತಿದ್ದಳು.

ಮನೆ ಎರಡನೆಯ ಮಹಡಿಯಲ್ಲಿ. ಮುಂದಿನ ಕೋಣೆಯೇ ಇಸ್ತ್ರಿಯ ಕೋಣೆ: ನಡುವೆ ಹಳೆಯ ಕಂಬಳಿ ಹೊದಿಸಿದ ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಸಾಲಾಗಿ ಗಂಟುಗಳು. ಗಿರಾಕಿಗಳು ಬಟ್ಟೆಯನ್ನು ಮನೆಯಲ್ಲೇ ಒಗೆದು ಒಣಗಿಸಿ, ಹಾಸು ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಿದ್ದರು. ತಾತನ ಮಗ ಬೆಳಗ್ಗೆ ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುವವನು. ವಾಪಸು ಬರುವಾಗ ಬಾಗಿಲು ಬಾಗಿಲಿಗೆ ನಿಂತು ಗಂಟು ಎತ್ತಿಕೊಂಡು ಬರುತ್ತಿದ್ದ. ತಾತನ ಮಗಳಿಗೆ ಮದುವೆಯಾಗಿರಲಿಲ್ಲ, ಔಷಧಿ ಅಂಗಡಿಯಲ್ಲಿ ಕೆಲಸ. ತಾತ ಒಂದು ಕಾಲದಲ್ಲಿ ಬೀಗ ರಿಪೇರಿ ಮಾಡುತ್ತಿದ್ದವನು. ಈಗ ಕೈ ನಡುಗುತ್ತದೆ, ಬಾಯಿ ಮಾತ್ರ ನಡುಗುವುದಿಲ್ಲ. ಮೊಮ್ಮಗಳು ಪುಟ್ಟಿಯನ್ನು ಶಾಲೆಗೆ ಬಿಡುವುದು, ಕರೆತರುವುದು ಅವನದೇ. ಜೊತೆಗೆ ಗುಮಾಸ್ತ.

ಸೊಸೆ ಬಟ್ಟೆ ನೋಡಿಯೇ ಜನರನ್ನು ಹೇಳುತ್ತಿದ್ದಳು. ಯಾರು ಹೊಗೆ ಬಿಡುತ್ತಾರೆ, ಯಾರು ಹೆಂಡತಿಗೆ ಗೊತ್ತಿಲ್ಲದೆ ಸಿಹಿ ತಿನ್ನುತ್ತಾರೆ, ಯಾರ ಕೆಲಸ ಹೋಗಿ ಶರಟಿನ ಕಾಲರು ತಿಂಗಳಿಂದ ಮಾಸಿಲ್ಲ, ಎಲ್ಲ ಅವಳ ಕೈಗೆ ತಿಳಿಯುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಇಡುವ ಮುಂಚೆ ಜೇಬು ತಿರುವುವುದು, ಒಳಗಿನ ಅಸ್ತರ ಸವರುವುದು, ಒದ್ದೆ ಕೈಯಿಂದ ಕೂದಲು ದಾರ ಬಳಿದು ತೆಗೆಯುವುದು. ಇದನ್ನು ಅವಳು ಯೋಚಿಸಿ ಮಾಡುತ್ತಿರಲಿಲ್ಲ, ಕೈ ತಾನಾಗಿ ಮಾಡುತ್ತಿತ್ತು. ಅಷ್ಟು ಬಲ್ಲವಳಿಗೆ ಕಣ್ಣೆದುರಿಗಿದ್ದದ್ದು ಕಾಣದೆ ಹೋಯಿತು. ಏನು ಹೇಳೋಣ.

ಪುಟ್ಟಿಯ ಕೆಮ್ಮನ್ನು ಮೊದಲು ಎಲ್ಲರೂ ಶೀತ ಅಂದುಕೊಂಡರು. ಆಮೇಲೆ ಕೆಮ್ಮಿನ ಜೊತೆ ಎದೆಯಲ್ಲಿ ಸೀಟಿ ಕೇಳತೊಡಗಿತು. ಮಗು ಊಟಕ್ಕೆ ಕೂತು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿತ್ತು, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿತ್ತು. ಮೂಗು ಸೋರುವುದು, ಕಣ್ಣು ಉಜ್ಜುವುದು ಬೇರೆ. ಮಕ್ಕಳ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಸೇದುವ ಔಷಧಿ ಬರೆದುಕೊಟ್ಟು, ಮನೆಯಲ್ಲಿ ಪ್ರಾಣಿ ಇದೆಯೇ ಎಂದು ಕೇಳಿದರು. ಮಗ ಇದೆ ಅಂದ. ಹಾಗಾದರೆ ರಕ್ತ ಪರೀಕ್ಷೆ ಮಾಡಿಸೋಣ, ನಾಯಿಯೋ ಧೂಳೋ ಹೂವಿನ ಪುಡಿಯೋ ಯಾವುದು ಮಗುವಿನ ಮೈಗೆ ಆಗುತ್ತಿಲ್ಲ ಎಂದು ಸ್ವಲ್ಪ ಮಟ್ಟಿಗೆ ತಿಳಿಯುತ್ತದೆ, ಫಲಿತಾಂಶ ಬರಲು ವಾರದ ಮೇಲಾಗಬಹುದು, ಅಲ್ಲಿಯವರೆಗೆ ಆತುರ ಬೀಳಬೇಡಿ ಅಂದರು.

ರಕ್ತ ಕೊಡುವ ದಿನ ಪುಟ್ಟಿ ತಾತನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ನಡುಗುತ್ತಿದ್ದದ್ದು ಯಾರ ಕೈ ಎಂದು ನರ್ಸಿಗೆ ತಿಳಿಯಲಿಲ್ಲ. ಸೂಜಿ ಹೊರಬಂದ ಮೇಲೆ ಪುಟ್ಟಿ ಕೇಳಿದ್ದು ಒಂದೇ ಪ್ರಶ್ನೆ.

"ಗುಮಾಸ್ತಂದು ಅಂತ ಬಂದ್ರೆ ಏನ್ ಮಾಡ್ತೀರಾ?"

ತಾತ ಹತ್ತಿಯನ್ನು ಒತ್ತಿ ಹಿಡಿದು, ರಕ್ತ ನಿಂತಿತಾ ನೋಡು ಅಂದ.

ಅವತ್ತಿನಿಂದ ಮನೆಯಲ್ಲಿ ಊಟದ ಹೊತ್ತೆಲ್ಲ ಅದೇ ಮಾತು. ಸೊಸೆ ನಾಯಿಯನ್ನು ಮೆಟ್ಟಿಲ ಮೇಲೆ ಕಟ್ಟಿ ಅಂದಳು, ಕಟ್ಟಿದರು. ಅದರ ತಟ್ಟೆ ಅಡುಗೆಮನೆಯಿಂದ ಹೊರಗೆ ಹೋಯಿತು. ತಾತ ನಾಯಿ ಮುಟ್ಟಿದರೆ ಕೈ ತೊಳೆದು ಒಳಗೆ ಬರಬೇಕು, ಬಂದ. ಆದರೂ ಮಗುವಿನ ಸೀಟಿ ನಿಲ್ಲಲಿಲ್ಲ. ಒಂದು ಸೋಮವಾರ ಸಂಜೆ ಪುಟ್ಟಿ ಇಸ್ತ್ರಿ ಕೋಣೆಯಲ್ಲಿ ಗಂಟುಗಳ ಮೇಲೆ ಕೂತು ಲೆಕ್ಕ ಮಾಡುತ್ತಿದ್ದವಳು ಪೆನ್ಸಿಲು ಬಿಟ್ಟು ಎದೆ ಹಿಡಿದುಕೊಂಡಳು. ತುಟಿ ನೀಲಿಯಾಯಿತು. ಸೇದುವ ಔಷಧಿ ಹಿಡಿದರೂ ಉಬ್ಬಸ ಬಗ್ಗಲಿಲ್ಲ. ಮಗ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದು ವ್ಯಾನಿನಲ್ಲಿ ಆಸ್ಪತ್ರೆಗೆ ಓಡಿದ. ಸೊಸೆ ಚಪ್ಪಲಿ ಹಾಕಿಕೊಳ್ಳದೆ ಹಿಂದೆ ಓಡಿದಳು.

ಮುಖಕ್ಕೆ ಮುಚ್ಚಳ ಇಟ್ಟು ಔಷಧಿಯ ಆವಿ ಕೊಟ್ಟ ಮೇಲೆ ಮಗು ಸುಧಾರಿಸಿತು. ಆದರೆ ಆ ನೀಲಿ ತುಟಿ ಸೊಸೆಯ ಕಣ್ಣಿಂದ ಹೋಗಲಿಲ್ಲ. ಮನೆಗೆ ಬಂದವಳೇ ಮಾವನ ಎದುರು ನಿಂತಳು.

"ಮಾವ, ನಾಯಿ ಇಲ್ಲಿರೋದು ಬೇಡ."

"ರಿಪೋರ್ಟು ಬರಲಿ ಅಂದಿದ್ದಾರಲ್ಲಮ್ಮ."

"ರಿಪೋರ್ಟು ಬರೋಷ್ಟರಲ್ಲಿ ನನ್ನ ಮಗು ಹೋದ್ರೆ?"

ಮಗ ತಲೆ ತಗ್ಗಿಸಿ ಶೂ ಬಿಚ್ಚುತ್ತಿದ್ದ, ಬಹಳ ಹೊತ್ತು ಬಿಚ್ಚಿದ. ಮಗಳು, ಡಾಕ್ಟರು ಆತುರ ಬೇಡ ಅಂದಿದ್ದರಲ್ಲ ಅತ್ತಿಗೆ ಎಂದು ಬಾಯಿ ತೆರೆದವಳು ಅತ್ತಿಗೆಯ ಬರಿಗಾಲು ನೋಡಿ ಕಾಲಿಗೆ ನೀರು ತರಲು ಎದ್ದಳು. ತಾತ ಮಾತ್ರ ತನ್ನಷ್ಟಕ್ಕೆ ಹೇಳಿಕೊಂಡ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ." ಹೇಳಿ ಮಲಗಿದ. ಬೆಳಗ್ಗೆ ಎಲ್ಲರೂ ಏಳುವ ಮುಂಚೆ ಹಗ್ಗ ಹಿಡಿದು ಗುಮಾಸ್ತನನ್ನು ಕರೆದುಕೊಂಡು ಹೋಗಿ, ಬರಿಗೈಯಲ್ಲಿ ವಾಪಸು ಬಂದ. ಹಳೆಯ ಸ್ನೇಹಿತ ಒಬ್ಬ ಮರದ ಡಿಪೋದಲ್ಲಿ ಕಾವಲಿದ್ದಾನೆ, ಅವನಿಗೂ ಒಂದು ಜೊತೆ ಬೇಕಾಗಿತ್ತು ಅಂದ. ಹಗ್ಗ ಮಾತ್ರ ತಂದಿದ್ದ. ಅದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ.

ಪುಟ್ಟಿ ಅತ್ತಳು. ಅತ್ತರೆ ಉಸಿರು ಕಟ್ಟುತ್ತದೆ ಎಂದು ಎಲ್ಲರೂ ಸೇರಿ ಗದರಿಸಿದರು, ಗದರಿಸಿದ್ದಕ್ಕೆ ಇನ್ನಷ್ಟು ಅತ್ತಳು.

ಆಮೇಲೆ ಸೊಸೆ ಮನೆ ತೊಳೆಯಲು ನಿಂತಳು. ಪರದೆ ಬಿಚ್ಚಿದಳು, ನೆಲ ಉಜ್ಜಿದಳು, ಕಪಾಟಿನ ಸಂದಿಗೆ ಕೈ ಹಾಕಿದಳು. ಪುಟ್ಟಿಯ ಹಾಸಿಗೆಯಲ್ಲಿ ನಾಯಿಯ ಕೂದಲು ಸಿಕ್ಕಿತು. ಯಾವಾಗಲೋ ಅದು ಕದ್ದು ಹತ್ತಿತ್ತು, ಪುಟ್ಟಿಯೇ ಹತ್ತಿಸಿಕೊಂಡಿದ್ದಳು. ಆ ಹಾಸಿಗೆಯನ್ನು ಮಗ ಹೊತ್ತು ಕೆಳಗೆ ಹಾಕಿ ಬಂದ. ಹೊಸದು ಸಂಬಳ ಬಂದ ಮೇಲೆ. ಅಲ್ಲಿಯವರೆಗೆ ಮಗು ಎಲ್ಲಿ ಮಲಗಬೇಕು? ಇಡೀ ಮನೆಯಲ್ಲಿ ಅತ್ಯಂತ ಚೊಕ್ಕಟವಾದ ಜಾಗ ಯಾವುದು ಎಂದು ಸೊಸೆ ನೋಡಿದಳು. ಒಗೆದು ಮಡಿಚಿ ಕಟ್ಟಿದ ಗಿರಾಕಿಗಳ ಗಂಟು. ನಾಯಿ ಸೋಕದ ಬಟ್ಟೆ. ಅದರಲ್ಲೂ ಎಲ್ಲಕ್ಕಿಂತ ದೊಡ್ಡದು, ಮೆತ್ತಗಿನದು, ಸೋಮವಾರ ಬರುವ ಪಿಟೀಲು ಮೇಡಂ ಗಂಟು: ಉಣ್ಣೆಯ ಶಾಲು, ದಪ್ಪ ಹೊದಿಕೆ, ಪಿಟೀಲು ಆನಿಸಿ ಆನಿಸಿ ಎಡ ಭುಜ ಸವೆದ ಕಪ್ಪು ಕೋಟು. ಅದನ್ನು ಹರಡಿ, ಮೇಲೊಂದು ಮನೆಯ ದುಪ್ಪಟಿ ಹಾಸಿ ಮಗುವನ್ನು ಮಲಗಿಸಿದಳು. ತಾಯಿಯಾದವಳು ಇದಕ್ಕಿಂತ ಹೆಚ್ಚು ಇನ್ನೇನು ಮಾಡಬಲ್ಲಳು.

ಪುಟ್ಟಿ ಇನ್ನೂ ಸೊರಗಿದಳು.

ನಾಯಿ ಹೋದ ಮೇಲೂ ಹೀಗೇಕೆ ಎಂದು ಮಗ ಕೇಳಿದರೆ, ಕೂದಲು ಒಂದೇ ದಿನಕ್ಕೆ ಹೋಗುತ್ತದಾ ಎಂದು ಸೊಸೆ ಮತ್ತೊಮ್ಮೆ ನೆಲ ಉಜ್ಜುತ್ತಿದ್ದಳು. ಬೆರಳ ಸಂದಿಗಳು ಬಿರಿದವು. ಬೆಂದ ಆಲೂಗಡ್ಡೆ, ಅನ್ನ ಬಿಟ್ಟರೆ ಬೇರೆ ಅಡುಗೆ ಮಾಡಲು ಪುರುಸೊತ್ತಿಲ್ಲ, ಇಸ್ತ್ರಿ ಕೆಲಸ ಹಿಂದೆ ಬಿತ್ತು, ಗಿರಾಕಿಗಳು ಫೋನು ಮಾಡತೊಡಗಿದರು. ತಾತ ಯಾರ ಜೊತೆಯೂ ಜಗಳವಾಡಲಿಲ್ಲ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಬೆಳಗ್ಗೆ ತನ್ನ ಪಾಲಿನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಉಳಿದರ್ಧ ತಟ್ಟೆಯಲ್ಲಿ ಕಾಣುತ್ತಿರಲಿಲ್ಲ.

ಫಲಿತಾಂಶ ಬಂದ ದಿನ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಎದುರು ಕೂತರು. ಡಾಕ್ಟರು ಒಮ್ಮೆ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

"ನಾಯಿಗೆ ಏನೂ ತೋರಿಸ್ತಿಲ್ಲ. ಧೂಳಿನ ಹುಳಕ್ಕೆ ಸ್ವಲ್ಪ ಇದೆ. ಬೆಕ್ಕಿಗೆ ಮಾತ್ರ ಜೋರಾಗಿದೆ. ನೀವು ಬೆಕ್ಕಿನ ವಿಷಯ ಹೇಳಲೇ ಇಲ್ವಲ್ಲ?"

"ನಮ್ಮನೇಲಿ ಬೆಕ್ಕಿಲ್ಲ," ಅಂದಳು ಸೊಸೆ.

ಡಾಕ್ಟರು ಅವಳ ಮುಖ ನೋಡಿದರು. ಪಕ್ಕದ ಮನೆ, ಶಾಲೆ, ಸ್ನೇಹಿತರ ಮನೆ, ಎಲ್ಲಾದರೂ ಇದೆಯೇ ನೋಡಿ ಅಂದರು. ರಕ್ತದಲ್ಲಿ ಕಂಡದ್ದೆಲ್ಲ ಕಾಯಿಲೆಯಲ್ಲ, ಕಾಣದ್ದಕ್ಕೆಲ್ಲ ಪೂರ್ತಿ ಖಾತ್ರಿಯೂ ಇಲ್ಲ, ಮಗು ಎಲ್ಲಿದ್ದಾಗ ಉಸಿರು ಕಟ್ಟುತ್ತದೆ ಎಂಬುದನ್ನು ಇದರ ಜೊತೆ ಇಟ್ಟು ನೋಡಬೇಕು ಅಂದರು. ಸೊಸೆಗೆ ಮೊದಲ ಮಾತು ಬಿಟ್ಟು ಉಳಿದದ್ದು ಕಿವಿಗೆ ಬೀಳಲಿಲ್ಲ. ದಾರಿಯುದ್ದಕ್ಕೂ ಗಂಡನಿಗೆ ಹೇಳಿದ್ದನ್ನೇ ಹೇಳಿದಳು: ಯಾರದೋ ರಕ್ತ ಯಾರದಕ್ಕೋ ಬೆರೆತಿದೆ. ಮಗಳು ಪ್ರಯೋಗಾಲಯಕ್ಕೆ ಹೋಗಿ ವಿಚಾರಿಸಿ ಬಂದಳು. ಬೆರೆತಿಲ್ಲ, ಸರಿಯಾಗಿಯೇ ಇದೆ ಅಂದರಂತೆ.

ಸರಿ, ಬೆಕ್ಕಿನ ಬೇಟೆ ಶುರುವಾಯಿತು. ಮಗ ಶಾಲೆಯ ಕಾವಲುಗಾರನನ್ನು ಕೇಳಿದ. ಮಗಳು ಮಹಡಿ ಮಹಡಿಗೆ ಹೋಗಿ ಬಾಗಿಲು ತಟ್ಟಿದಳು. ಮೂರನೆಯ ಮಹಡಿಯವರು ಮೀನು ಸಾಕಿದ್ದರು, ಕೆಳಗಿನವರಿಗೆ ಮಕ್ಕಳನ್ನು ಸಾಕುವುದೇ ಸಾಕಾಗಿತ್ತು. ತಾರಸಿಯಲ್ಲಿ ಒಂದು ಬೀದಿ ಬೆಕ್ಕು ಓಡಾಡುತ್ತದೆ ಎಂದು ಯಾರೋ ಹೇಳಿದ್ದೇ ತಡ, ಸೊಸೆ ಕಿಟಕಿಗಳನ್ನೆಲ್ಲ ಮುಚ್ಚಿ ಚಿಲಕ ಹಾಕಿದಳು. ಇಸ್ತ್ರಿಯ ಆವಿ ಹೊರಗೆ ಹೋಗಲು ದಾರಿಯಿಲ್ಲದೆ ಕೋಣೆಯಲ್ಲೇ ನಿಂತಿತು. ನಾಯಿಯಿಂದಲ್ಲ ಎಂದು ಗೊತ್ತಾದ ಮೇಲೂ ಗುಮಾಸ್ತನನ್ನು ಕರೆತನ್ನಿ ಎಂದು ಯಾರೂ ಅನ್ನಲಿಲ್ಲ. ತಾತನೇ ಹೇಳಿದ, ಮಗು ನೆಟ್ಟಗಾಗುವವರೆಗೆ ಯಾವ ಪ್ರಾಣಿಯೂ ಬೇಡ, ನಾಯಿಯ ಮಾತು ಬಿಡಿ ಎಂದು.

ಒಂದು ಮಧ್ಯಾಹ್ನ ಸೊಸೆ ಕಸದ ಬುಟ್ಟಿ ಇಡಲು ಬಾಗಿಲು ತೆರೆದಳು. ಮೆಟ್ಟಿಲ ತಿರುವಿನಲ್ಲಿ ತಾತ ನಿಂತಿದ್ದ. ಕೋಟು ಬಿಚ್ಚಿ ಕಂಬಿಯ ಮೇಲೆ ಹಾಕಿದ್ದ. ಪಕ್ಕದಲ್ಲಿ ಒಂದು ಬಾಟಲಿ ನೀರು. ಅಂಗೈ ಒದ್ದೆ ಮಾಡಿಕೊಂಡು ಪ್ಯಾಂಟಿನ ಮಂಡಿಯಿಂದ ಕೆಳಗೆ ಬಳಿದು ಬಳಿದು ತೆಗೆಯುತ್ತಿದ್ದ. ನಡುಗುವ ಕೈ, ಒಂದು ಕೂದಲು ತೆಗೆಯಲು ಮೂರು ಸಲ ಬಳಿಯಬೇಕು. ಕಾಲ ಬಳಿ ಮರದ ಹೊಟ್ಟು ಉದುರಿತ್ತು. ಜೇಬು ಹೊರಗೆ ಎಳೆದಿದ್ದ, ಅದರ ತುಂಬ ಬ್ರೆಡ್ಡಿನ ಪುಡಿ.

ಅವನು ಕಳ್ಳನ ಹಾಗೆ ಅವಳ ಕಡೆ ನೋಡಿದ.

"ಹತ್ತಿರ ಹೋಗಲ್ಲ, ದೂರದಿಂದ ನೋಡ್ಕೊಂಡು ಬರ್ತೀನಿ. ಅದೇ ಬಂದು ಕಾಲಿಗೆ ಬೀಳುತ್ತೆ. ಬಟ್ಟೆ ಮೇಲೆ ಏನಾದ್ರೂ ಬಂದ್ರೆ ಮಗುಗೆ ಕಷ್ಟ ಅಂತ ಇಲ್ಲೇ ಒರೆಸ್ಕೊಂಡು ಬರೋದು."

ಸೊಸೆ ಬುಟ್ಟಿ ಇಟ್ಟು ಒಳಗೆ ಬಂದಳು. ಮೇಜಿನ ಮೇಲೆ ಪಿಟೀಲು ಮೇಡಂ ಕಪ್ಪು ಕೋಟು ಹರಡಿತ್ತು. ಪೆಟ್ಟಿಗೆ ಕಾದಿತ್ತು. ಅವಳ ಕೈ ತಾನಾಗಿ ನೀರಿನ ಬಟ್ಟಲಿಗೆ ಹೋಯಿತು, ಅಂಗೈ ಒದ್ದೆಯಾಯಿತು, ಕೋಟಿನ ಬೆನ್ನಿನ ಮೇಲೆ ಬಳಿಯಿತು. ಬಿಳಿ ಕೂದಲು ಉಂಡೆಯಾಗಿ ಸುರುಳಿ ಸುತ್ತಿತು. ಪ್ರತಿ ವಾರ ಹೀಗೇ, ಉಂಡೆ ಮಾಡಿ ಡಬ್ಬಿಗೆ ಹಾಕುವುದು. ವರ್ಷಗಳಿಂದ. ಅವಳು ಉಂಡೆಯನ್ನು ಬೆರಳಲ್ಲಿ ಹಿಡಿದು ನಿಂತಳು. ಸಣ್ಣ, ನುಣುಪಾದ, ಬಿಳಿ ಕೂದಲು. ಮನುಷ್ಯರದಲ್ಲ. ಉಣ್ಣೆಯದೂ ಅಲ್ಲ. ಆಚೆ ಮೂಲೆಯಲ್ಲಿ ಅದೇ ಮೇಡಂ ಶಾಲುಗಳ ಮೇಲೆ ಪುಟ್ಟಿ ಮಲಗಿದ್ದಳು, ಎದೆಯಲ್ಲಿ ಸೀಟಿ ಊದುತ್ತಿತ್ತು.

ಸೊಸೆ ಉಂಡೆಯನ್ನು ಡಬ್ಬಿಗೆ ಹಾಕಿ ಕೈ ತೊಳೆದಳು. ಮಗುವನ್ನು ಎತ್ತಿ ಒಳಗಿನ ಕೋಣೆಯಲ್ಲಿ ತನ್ನ ಹಾಸಿಗೆಯ ಮೇಲೆ ಹಾಕಿದಳು. ಮೇಡಂ ಗಂಟು ಬಿಗಿದು ಕಟ್ಟಿ ಮೇಲಿನ ಮೆಟ್ಟಿಲ ಕೊನೆಗೆ, ತಾರಸಿಯ ಬಾಗಿಲ ಬಳಿ ಒಯ್ದು ಇಟ್ಟಳು. ವಾಪಸು ಬಂದು ಮುಖ ತೊಳೆದುಕೊಂಡಳು.

ಆಗಲೇ ಹೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಮೊದಲು ಖಾತ್ರಿಯಾಗಲಿ ಅಂದುಕೊಂಡಳು. ಮೇಡಂ ಗಂಟಿನಿಂದ ಬರುವ ದುಡ್ಡಲ್ಲಿ ಮನೆಯ ಹಾಲು ಮೊಟ್ಟೆ ನಡೆಯುತ್ತದೆ, ಗಂಡ ಏನನ್ನುತ್ತಾನೋ ಅಂದುಕೊಂಡಳು. ಇವೆಲ್ಲ ನೆಪ. ಅಸಲಿಗೆ ಮಾವನ ಮುಖ ನೆನೆದರೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ರಿಪೋರ್ಟು ಬರಲಿ ಅಂದ ಮನುಷ್ಯನ ಬಾಯಿ ಮುಚ್ಚಿಸಿದವಳು ಅವಳು. ಕಾಯಿಲೆಯನ್ನು ಕೈಯಾರೆ ಬಿಚ್ಚಿ, ಹರಡಿ, ಅದರ ಮೇಲೆ ಮಗುವನ್ನು ಮಲಗಿಸಿದವಳೂ ಅವಳೇ. ಬಿಸಿ ತುಪ್ಪ ಬಾಯಿಗೆ ಬಿದ್ದಂತೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕಿಟಕಿ ತೆರೆದಳು. ಮೇಜಿನ ಕಂಬಳಿ ಕುದಿಯುವ ನೀರಿನಲ್ಲಿ ಒಗೆದಳು. ಪುಟ್ಟಿ ಶಾಲೆಗೆ ಹೋದ ಮೇಲೆ ಮೇಡಂ ಬಟ್ಟೆಗಳನ್ನು ತಾರಸಿಯ ಬಾಗಿಲಲ್ಲೇ ಉದ್ದ ವೈರು ಎಳೆದು ಇಸ್ತ್ರಿ ಮಾಡಿ, ಸ್ನಾನ ಮಾಡಿ ಒಳಗೆ ಬರುತ್ತಿದ್ದಳು. ಇಷ್ಟು ಸಲ ಸ್ನಾನ ಯಾಕೆ ಅತ್ತಿಗೆ ಎಂದು ಮಗಳು ಕೇಳಿದರೆ ಸೆಖೆ ಅಂದಳು.

ಪುಟ್ಟಿಯ ಸೀಟಿ ಸಣ್ಣದಾಯಿತು. ಆಮೇಲೆ ಬೆಳಗ್ಗೆ ಮಾತ್ರ ಕೇಳಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ಮಗು ಮೆಟ್ಟಿಲು ಹತ್ತಿ ಬಂದು, ಹಸಿವು ಎಂದು ತಟ್ಟೆ ಕುಟ್ಟಿತು. ಅವತ್ತು ರಾತ್ರಿಯೂಟಕ್ಕೆ ಮೊಟ್ಟೆ ಬೇಯಿಸಿದ್ದರು. ಮಗ ಬಹಳ ದಿನಗಳ ಮೇಲೆ ನಗುತ್ತಿದ್ದ.

"ರಿಪೋರ್ಟು ಏನಾದ್ರೂ ಹೇಳ್ಲಿ. ನಾಯಿ ಹೋಯ್ತು, ಕೂದಲೆಲ್ಲ ಹೋಯ್ತು, ಮಗು ಸುಧಾರಿಸ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಸೊಸೆ ಅನ್ನದ ಕೈ ಹಾಗೇ ಹಿಡಿದಳು. ತಾತ ತಟ್ಟೆ ನೋಡುತ್ತಿದ್ದವನು ತಲೆಯಾಡಿಸಿದ.

"ಹೌದಪ್ಪ. ಹೋಗಿದ್ದೇ ಒಳ್ಳೇದಾಯ್ತು. ಅಲ್ಲೇನೂ ಅದಕ್ಕೆ ಕಮ್ಮಿಯಿಲ್ಲ."

ಅಷ್ಟು ಹೇಳಿ ಮೊಟ್ಟೆಯನ್ನು ಎರಡು ಹೋಳು ಮಾಡಿ ಒಂದನ್ನು ಪುಟ್ಟಿಯ ತಟ್ಟೆಗೆ ಹಾಕಿದ. ಅದು ಅವನು ಮಾಡದ ತಪ್ಪು, ಅವನ ನಾಯಿಯೂ ಮಾಡದ ತಪ್ಪು. ಮಗುವಿನ ಮುಖ ನೋಡಿ ಸಂತೋಷವಾಗಿಯೇ ಒಪ್ಪಿಕೊಂಡುಬಿಟ್ಟ. ಸೊಸೆಗೆ ಇನ್ನು ತಡೆಯಲಾಗಲಿಲ್ಲ.

"ನಾಯಿ ಹೋಗಿದ್ದಕ್ಕಲ್ಲ ಸುಧಾರಿಸಿದ್ದು. ಪಿಟೀಲು ಮೇಡಂ ಗಂಟನ್ನ ನಾನು ಹೊರಗೆ ಹಾಕಿದ್ದಕ್ಕೆ. ಅವರ ಬಟ್ಟೆ ತುಂಬ ಬೆಕ್ಕಿನ ಕೂದಲು. ಅದರ ಮೇಲೇ ನಾನು ಮಗೂನ ಮಲಗಿಸ್ತಿದ್ದೆ."

ಮಗನ ನಗು ನಿಂತಿತು. ಸೋಮವಾರ, ಅಂದಳು ಮಗಳು ಮೆಲ್ಲಗೆ. ಜೋರಾಗುತ್ತಿದ್ದದ್ದು ಸೋಮವಾರವೇ ಅಲ್ಲವಾ ಅಂದಳು. ಮಗ ಹೆಂಡತಿಯನ್ನೇ ನೋಡುತ್ತಿದ್ದ.

"ಯಾವಾಗಿಂದ ಗೊತ್ತು ನಿಂಗೆ?"

"ಎರಡು ವಾರ."

ಮಗ ತಟ್ಟೆ ದೂಡಿ ಎದ್ದ. ಅಪ್ಪನ ಅನ್ನ ಅಪ್ಪನ ಗಂಟಲಲ್ಲಿ ಇಳಿಯದೇ ಇದ್ದದ್ದು ನಿನಗೆ ಕಾಣಲಿಲ್ಲವೇ, ದುಡ್ಡಿಗಾಗಿ ಸುಮ್ಮನಿದ್ದೆಯಾ, ಹೀಗೆ ಏನೇನೋ ಕೂಗಾಡಿದ. ಗಂಟು ಹೊತ್ತು ತಂದವರು ನೀವೇ, ಬಾಗಿಲಲ್ಲಿ ನಿಂತು ಒಂದು ದಿನವಾದರೂ ಬೆಕ್ಕಿನ ದನಿ ಕೇಳಲಿಲ್ಲವೇ ಎಂದು ಅವಳೂ ತಿರುಗಿ ಕೂಗಿದಳು. ಮಗಳು ಪುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದಳು. ತಾತ ಇಬ್ಬರ ದನಿಯೂ ಇಳಿಯುವವರೆಗೆ ಕೂತಿದ್ದು, ಸೊಸೆಯ ಕಡೆ ನೋಡಿದ.

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಅದು ಯಾರಿಗಾದ್ರೂ ಆಗುತ್ತೆ. ಅದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಎರಡು ವಾರ ನನ್ನ ಮುಖ ನೋಡ್ಕೊಂಡೇ ಊಟ ಬಡಿಸಿದ್ಯಲ್ಲಮ್ಮ."

ಅವನು ಎದ್ದು ತನ್ನ ತಟ್ಟೆ ತಾನೇ ತೊಳೆದಿಟ್ಟ. ಯಾವತ್ತೂ ತೊಳೆದವನಲ್ಲ. ಸೊಸೆ ಅಲ್ಲೇ ಕೂತು ಅತ್ತಳು.

ಮೇಡಂ ಮನೆಗೆ ಅವಳೇ ಹೋದಳು. ಇಷ್ಟು ವರ್ಷ ಬಟ್ಟೆಯಿಂದಷ್ಟೇ ಬಲ್ಲ ಹೆಂಗಸನ್ನು ಮೊದಲ ಸಲ ನೋಡಿದಳು. ದಪ್ಪನೆಯ ಬಿಳಿ ಬೆಕ್ಕು, ಒಣಗಿಸಿ ಇಟ್ಟ ಬಟ್ಟೆಯ ರಾಶಿಯ ಮೇಲೆಯೇ ಕೂತು ಕಣ್ಣು ಮುಚ್ಚಿಕೊಂಡಿತ್ತು. ಸೊಸೆ ವಿನಯದಿಂದಲೇ ಹೇಳಿದಳು, ಬಟ್ಟೆ ಬೇರೆ ಇಟ್ಟು ಮಾಡಿಕೊಡುತ್ತೇನೆ, ಬೆಕ್ಕನ್ನು ಸ್ವಲ್ಪ ದೂರ ಇಡಿ ಎಂದು. ನನ್ನ ಬಟ್ಟೆ ಕೊಳಕು ಅಂತೀಯಾ ಎಂದು ಮೇಡಂ ಕೇಳಿದರು. ಮುಂದಿನ ಸೋಮವಾರ ಅವರ ಬಾಗಿಲಲ್ಲಿ ಗಂಟಿರಲಿಲ್ಲ. ಮನೆಯಲ್ಲಿ ಮೊಟ್ಟೆ ಪುಟ್ಟಿಗೆ ಮಾತ್ರ ಎಂದಾಯಿತು.

ಆದರೂ ತಾತ ನಾಯಿಯ ಸುದ್ದಿ ಎತ್ತಲಿಲ್ಲ. ಕರೆತನ್ನಿ ಎಂದು ಮಗ ಅಂದ, ಮಗಳು ಅಂದಳು. ನೋಡೋಣ ಅನ್ನುತ್ತಿದ್ದ. ಸೊಸೆ ಬಡಿಸಿದ್ದನ್ನು ಉಣ್ಣುತ್ತಿದ್ದ, ಬೇಕು ಬೇಡ ಬಿಟ್ಟು ಬೇರೆ ಮಾತಿಲ್ಲ. ಸೊಸೆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದಳು. ಔಷಧಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡು, ಒಂದು ಮಧ್ಯಾಹ್ನ ನಾಯಿಯನ್ನು ಕರೆತಂದು, ಮಗುವಿನ ಪಕ್ಕದಲ್ಲೇ ಇದ್ದು ನೋಡಿ ಎಂದು ಅವರು ಹೇಳಿದರು.

ಬಾಗಿಲ ಹಿಂದಿನ ಮೊಳೆಯಿಂದ ಹಗ್ಗ ತೆಗೆದುಕೊಂಡು ಅವಳು ಮರದ ಡಿಪೋಗೆ ಹೊರಟಳು. ಗೇಟು ದಾಟಿದರೆ ದಿಮ್ಮಿಗಳ ಸಾಲು, ಗರಗಸದ ಸದ್ದು. ಒಂದು ದಿಮ್ಮಿಯ ಮೇಲೆ ಮಾವ ಕೂತಿದ್ದ, ತೊಡೆಯ ಮೇಲೆ ಬ್ರೆಡ್ಡು. ಗುಮಾಸ್ತ ಅವಳನ್ನು ಕಂಡು ಎದ್ದು ಬಂತು. ಬಾಲ ಅಲ್ಲಾಡಿಸಲಿಲ್ಲ. ಅವಳ ಕಾಲು ಮೂಸಿತು, ಕೈ ಮೂಸಿತು, ಹಗ್ಗ ಮೂಸಿತು, ಮತ್ತೆ ಕೈ ಮೂಸಿತು. ಅವಳು ಕದಲದೆ ನಿಂತಳು, ಪರೀಕ್ಷೆಗೆ ನಿಂತ ಹಾಗೆ. ಕೊನೆಗೆ ಅದು ಪಕ್ಕಕ್ಕೆ ಸರಿಯಿತು. ಅವಳು ಬಗ್ಗಿ, ಅದರ ಮಡಚಿದ ಕಿವಿಯನ್ನು ಮುಟ್ಟಿದಳು.

"ಮಾವ, ಮನೆಗೆ ಬನ್ನಿ. ಇಬ್ರೂ."

"ಉಸಿರು ಕಟ್ಟಿದ್ರೆ?"

"ಕಟ್ಟಿದ್ರೆ ಇಲ್ಲಿಗೆ ನಾನೇ ತಂದು ಬಿಡ್ತೀನಿ. ನೋಡದೆ ಕಳ್ಸಲ್ಲ."

"ನಂಗೆ ಭಯ ಆಗುತ್ತಮ್ಮ," ಅಂದ ತಾತ. "ಇನ್ನೊಂದ್ಸಲ ಬಿಟ್ಟು ಬರೋಕೆ ನನ್ ಕೈಲಾಗಲ್ಲ."

ಅವಳು ದಿಮ್ಮಿಯ ಮೇಲೆ ಅವನ ಪಕ್ಕದಲ್ಲಿ ಕೂತಳು. ನನಗೂ ಭಯವೇ ಮಾವ ಅಂದಳು. ಬ್ರೆಡ್ಡು ಖಾಲಿಯಾದ ಮೇಲೆ ಇಬ್ಬರೂ ಎದ್ದರು.

ರಜೆಯ ಮಧ್ಯಾಹ್ನ ಅದು. ಗುಮಾಸ್ತನನ್ನು ಕಂಡು ಪುಟ್ಟಿ ಕೂಗಿದ್ದು, ನಕ್ಕಿದ್ದು, ಓಡಿದ್ದು ನೋಡಿ ದೊಡ್ಡವರಿಗೆಲ್ಲ ಜೀವ ಬಾಯಿಗೆ ಬಂತು. ಓಡಬೇಡ, ನಗಬೇಡ, ಮೆಲ್ಲಗೆ ಎಂದು ನಾಲ್ಕು ಕಡೆಯಿಂದ ನಾಲ್ಕು ದನಿ. ಆಡಿ ಸುಸ್ತಾಗಿ ಮಗು ಇಸ್ತ್ರಿ ಕೋಣೆಯ ಮೂಲೆಯಲ್ಲಿ, ಹೊಸ ಹಾಸಿಗೆಯ ಮೇಲೆ ನಾಯಿಯ ಬೆನ್ನಿಗೆ ಬೆನ್ನು ಹಚ್ಚಿ ನಿದ್ದೆ ಹೋಯಿತು. ಮಗಳು ಸೇದುವ ಔಷಧಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿದಳು. ಮಗ ವ್ಯಾನಿನ ಕೀಲಿ ಕೈಯಲ್ಲಿಟ್ಟುಕೊಂಡು ಪತ್ರಿಕೆ ಓದುವವನಂತೆ ಕೂತ, ಹಾಳೆ ತಿರುವಲಿಲ್ಲ. ತಾತ ಹಗ್ಗ ಹಿಡಿದು ಗೋಡೆಯ ಬಳಿ ನಿಂತೇ ಇದ್ದ. ಕೂತುಕೊಳ್ಳಿ ಅಂದರೆ ಬೇಡ ಅಂದ. ಸೊಸೆ ಯಾರದೋ ಶರಟು ಹರಡಿಕೊಂಡು, ಪೆಟ್ಟಿಗೆಯ ಬುಸುಗುಟ್ಟುವಿಕೆಯಲ್ಲಿ ಮಗುವಿನ ಉಸಿರು ಕೇಳದೆಂದು ಸ್ವಿಚ್ಚು ಆರಿಸಿದಳು.

ಹೊತ್ತು ಸರಿಯಿತು. ಯಾರೂ ಕೆಮ್ಮಲಿಲ್ಲ, ಚಹಾ ಕೇಳಲಿಲ್ಲ.

ಆಗ ಮೂಲೆಯಿಂದ ಸಣ್ಣಗೆ ಸೀಟಿ ಕೇಳಿಸಿತು. ಎಳೆದ ಹಾಗೆ, ನಿಂತು, ಮತ್ತೆ ಎಳೆದ ಹಾಗೆ.

ಮಗನ ಪತ್ರಿಕೆ ನೆಲಕ್ಕೆ ಬಿತ್ತು. ಮಗಳು ಧಾವಿಸಿ ಮಗುವಿನ ಮುಂದೆ ಮಂಡಿಯೂರಿದಳು. ತಾತನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಹಗ್ಗದ ಕುಣಿಕೆ ಬಿಡಿಸುತ್ತ ನಾಯಿಯ ಕಡೆಗೆ ಬಗ್ಗಿದ.

ಸೊಸೆ ಅವನ ಕೈ ಹಿಡಿದು ತಡೆದಳು. ಮಗುವಿನ ಎದೆಗೆ ಕಿವಿ ಇಟ್ಟಳು. ಕೇಳಿದಳು. ತಲೆ ಎತ್ತಿ, ಸ್ವಲ್ಪ ಆಚೆ ಸರಿದು, ನಾಯಿಯ ಮೂಗಿನ ಹತ್ತಿರ ಕಿವಿ ಇಟ್ಟಳು. ಗುಮಾಸ್ತ ಬಾಯಿ ಅರೆತೆರೆದು ಗಾಢವಾಗಿ ನಿದ್ದೆ ಮಾಡುತ್ತಿತ್ತು, ಒಂದೊಂದು ಉಸಿರಿಗೂ ಅದರ ಮೂಗಿನಲ್ಲಿ ಸೀಟಿ ಊದುತ್ತಿತ್ತು. ಅದರಾಚೆ ಪುಟ್ಟಿಯ ಎದೆ ಸದ್ದಿಲ್ಲದೆ ಏರಿ ಇಳಿಯುತ್ತಿತ್ತು.

ಮಗಳಿಗೆ ನಗು ಬಂತು, ನಗುತ್ತ ಅಳು ಬಂತು. ಮಗ ಬಿದ್ದ ಪತ್ರಿಕೆ ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದ. ತಾತ ಮಾತ್ರ ಬಗ್ಗಿದವನು ಬಗ್ಗಿದಂತೆಯೇ ಇದ್ದ, ಹಗ್ಗ ಕೈಯಲ್ಲೇ ಇತ್ತು.

"ಮಾವ," ಅಂದಳು ಸೊಸೆ, "ಆ ಹಗ್ಗ ಮೊಳೆಗೆ ಹಾಕಿ ಬನ್ನಿ. ಚಹಾ ಇಡ್ತೀನಿ."

ತಾತ ಅವಳನ್ನು ನೋಡಿದ. ಹೋಗಿ ಹಗ್ಗ ನೇತುಹಾಕಿದ. ವಾಪಸು ಬಂದು, ನನ್ನದಕ್ಕೆ ಸಕ್ಕರೆ ಜಾಸ್ತಿ ಹಾಕಮ್ಮ ಅಂದ. ಅಷ್ಟು ದಿನಗಳಲ್ಲಿ ಅವನು ಅವಳ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅವಳು ಅಡುಗೆಮನೆಗೆ ಹೋಗಿ ಎರಡು ಚಮಚ ಹಾಕಿದಳು.